ದಪ್ಪ ಚರ್ಮಕ್ಕೆ ತಕ್ಕ ಹೊಲಿಗೆ ಯಂತ್ರ

ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಸೀಮೆಯ ಅನೇಕ ಮನೆಗಳಲ್ಲಿ ಹೊಲಿಗೆ ಯಂತ್ರವುಂಟು. ತಾಯಂದಿರು ಅದರಲ್ಲಿ ರವಿಕೆ, ಲಂಗಗಳನ್ನು ಹೊಲಿದು ಸಂಸಾರದ ಖರ್ಚಿಗೆ ನಾಲ್ಕು ಕಾಸು ಕೂಡಿಸುತ್ತಾರೆ. ಕೈಗೆಲಸದಲ್ಲಿ ಆಸಕ್ತಿಯುಳ್ಳ ಬಾಲಕನಿಗೆ ಅದನ್ನು ಕಂಡಾಗ, ಕಿತ್ತುಹೋದ ಚೀಲದ ಪಟ್ಟಿಯನ್ನೋ ಸೊಂಟದ ಬೆಲ್ಟನ್ನೋ ಇದರಲ್ಲಿಯೇ ಏಕೆ ಹೊಲಿಯಬಾರದು ಎಂಬ ಯೋಚನೆ ಬರುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ದಪ್ಪ ಚರ್ಮವನ್ನು ಬಟ್ಟೆಯ ಯಂತ್ರಕ್ಕೆ ಒಡ್ಡಿದರೆ ಸೂಜಿಯು ಬಾಗಿ ಒಳಗಿನ ಕೊಕ್ಕೆಗೆ ತಾಗುತ್ತದೆ, ಕೊಕ್ಕೆ ಗೀರಿಕೊಳ್ಳುತ್ತದೆ, ಸೂಜಿ ಮತ್ತು ಕೊಕ್ಕೆಗಳ ಹೊಂದಾಣಿಕೆ ತಪ್ಪುತ್ತದೆ. ಆ ಬಳಿಕ ಅದೇ ಯಂತ್ರವು ಬಟ್ಟೆಯ ಮೇಲೂ ಹೊಲಿಗೆ ಬಿಡಲಾರಂಭಿಸುತ್ತದೆ. ಮಗನ ಒಂದು ಗಳಿಗೆಯ ಕುತೂಹಲದಿಂದ ತಾಯಿಯ ಸಂಪಾದನೆಗೇ ಕುಂದುಂಟಾಗಬಾರದು. ಇನ್ನು ಕೆಲವರು ‘ಹೆವಿ ಡ್ಯೂಟಿ’ ಎಂಬ ಚೀಟಿಯನ್ನು ನಂಬಿ, ಕೂಡಿಟ್ಟ ಹಣವನ್ನೆಲ್ಲ ಕೆಲಸಕ್ಕೆ ಬಾರದ ಯಂತ್ರಕ್ಕೆ ಸುರಿಯುತ್ತಾರೆ. ಇವೆರಡೂ ತಪ್ಪಬೇಕಾದರೆ ಒಂದು ಸೂತ್ರವನ್ನು ಮನಸ್ಸಿನಲ್ಲಿಡಬೇಕು: ಮೊದಲು ಕೆಲಸವನ್ನು ಅಳೆಯಬೇಕು, ತರುವಾಯ ಯಂತ್ರವನ್ನು ಆರಿಸಬೇಕು.

ಚರ್ಮದ ಸ್ವಭಾವ

ಬಟ್ಟೆಯು ಹಾಸು ಹೊಕ್ಕು ನೂಲುಗಳಿಂದ ನೆಯ್ದದ್ದು. ಸೂಜಿಯು ನೂಲುಗಳ ನಡುವಿನ ಸಂದಿನಲ್ಲಿ ನುಸುಳಿಹೋಗುತ್ತದೆ. ಸೂಜಿಯನ್ನು ತೆಗೆದರೆ ಸಂದು ಮತ್ತೆ ಕೂಡಿಕೊಳ್ಳುತ್ತದೆ. ಚರ್ಮವಾದರೋ ಒಂದರೊಳಗೊಂದು ಹೆಣೆದುಕೊಂಡ ಸೂಕ್ಷ್ಮ ಎಳೆಗಳ ಗಟ್ಟಿಯಾದ ಹಾಳೆ. ಅದರಲ್ಲಿ ಸೂಜಿಯು ದಾರಿಯನ್ನು ಸೀಳಿಕೊಂಡೇ ಹೋಗಬೇಕು. ಆದ ತೂತು ಮತ್ತೆ ಮುಚ್ಚುವುದಿಲ್ಲ. ಆದ್ದರಿಂದ ಚರ್ಮದಲ್ಲಿ ತಪ್ಪು ಹೊಲಿಗೆಯನ್ನು ಬಿಚ್ಚಿ ತಿದ್ದಿದರೂ ಕಲೆ ಉಳಿಯುತ್ತದೆ. ಗುಂಡುಸೂಜಿ ಚುಚ್ಚಿ ಎರಡು ತುಂಡುಗಳನ್ನು ಕೂಡಿಸಿಡುವಂತೆಯೂ ಇಲ್ಲ. ಚಿಮಟಿಗೆಯಿಂದ ಹಿಡಿಯಬೇಕು, ಇಲ್ಲವೆ ಅಂಟು ಹಚ್ಚಬೇಕು. ಹೊಲಿಗೆ ಬಹಳ ಒತ್ತೊತ್ತಾಗಿರಲೂ ಕೂಡದು. ಅಂಚೆಚೀಟಿಯ ಹಾಳೆಯಲ್ಲಿ ತೂತುಗಳ ಸಾಲಿನ ಗುಂಟ ಚೀಟಿ ಹರಿಯುವಂತೆ ಚರ್ಮವೂ ಹರಿದುಹೋದೀತು. ದಪ್ಪ ಚರ್ಮಕ್ಕೆ ಒಂದೊಂದು ಹೊಲಿಗೆಯ ಉದ್ದ 3ರಿಂದ 4 ಮಿಲಿಮೀಟರ್ ಇರುವುದು ಯೋಗ್ಯ.

ದಪ್ಪವನ್ನು ಅಳೆಯುವ ಬಗೆ

ಹಣದ ಚೀಲಕ್ಕೆ ಬಳಸುವ ಚರ್ಮವು ಸಾಮಾನ್ಯವಾಗಿ 1ರಿಂದ 1½ ಮಿಲಿಮೀಟರ್, ಕೈಚೀಲದ್ದು 2ರಿಂದ 2½, ಬೆಲ್ಟಿನದು 3ರಿಂದ 4 ಮಿಲಿಮೀಟರ್ ದಪ್ಪವಿರುತ್ತದೆ. ಸೂಕ್ಷ್ಮ ಅಳತೆಯ ಉಪಕರಣವಿಲ್ಲದವರು ಒಂದೇ ಚರ್ಮದ ನಾಲ್ಕು ತುಂಡುಗಳನ್ನು ಒಂದರ ಮೇಲೊಂದಿಟ್ಟು ಒತ್ತಿಹಿಡಿದು, ಅಳತೆಪಟ್ಟಿಯಿಂದ ಒಟ್ಟು ದಪ್ಪವನ್ನು ಅಳೆದು ನಾಲ್ಕರಿಂದ ಭಾಗಿಸಿದರೆ ಸಾಕು. ಆದರೆ ಯಂತ್ರಕ್ಕೆ ಬೇಕಾದ ಲೆಕ್ಕ ಒಂದು ಪದರದ್ದಲ್ಲ. ಹೊಲಿಗೆ ಹೋಗುವ ದಾರಿಯಲ್ಲಿ ಅತ್ಯಂತ ದಪ್ಪವಾದ ಸ್ಥಳದ್ದು. ಚೀಲದ ಮೈ 2 ಮಿಲಿಮೀಟರ್. ಅದರ ಮೇಲೆ ಮಡಿಸಿ ಹಚ್ಚುವ ಪಟ್ಟಿ 2 ಮತ್ತು 2. ಒಟ್ಟು 6 ಮಿಲಿಮೀಟರ್ ಆಯಿತು. ಬೆಲ್ಟಿನಲ್ಲಿ ಕೊಂಡಿಯ ಬಳಿ ಮಡಿಕೆ ಬರುವುದರಿಂದ 4ಕ್ಕೆ 4 ಕೂಡಿ 8 ಆಗುತ್ತದೆ. ಸಮಗಾರರು ರಂಪಿಗೆಯಿಂದ ಮಡಿಕೆಯ ಅಂಚನ್ನು ಹೆರೆದು ತೆಳುಮಾಡುವುದು ಇದೇ ಕಾರಣದಿಂದ. ಹೆರೆಯುವುದನ್ನು ಕಲಿತವನಿಗೆ ಚಿಕ್ಕ ಯಂತ್ರವೂ ಸಾಲುವ ಪ್ರಸಂಗ ಉಂಟು.

ಯಂತ್ರಗಳ ನಾಲ್ಕು ವರ್ಗ

ಹೊಲಿಗೆ ಯಂತ್ರದಲ್ಲಿ ಮೇಲಿನ ದಾರವನ್ನು ಸೂಜಿಯು ಕೆಳಕ್ಕೆ ಒಯ್ಯುತ್ತದೆ. ಅಲ್ಲಿ ಅದು ಕುಣಿಕೆಯಾದೊಡನೆ ಕೊಕ್ಕೆಯು ಹಿಡಿದು ಬಾಬಿನ್ನಿನ ದಾರದ ಸುತ್ತ ಹಾಯಿಸುತ್ತದೆ. ಎರಡು ದಾರಗಳ ಗಂಟು ಪದರಗಳ ನಡುವೆ ಬೀಳಬೇಕು. ಈ ಬಗೆಯ ಹೊಲಿಗೆಯ ಯಂತ್ರಕ್ಕೆ ಅಮೆರಿಕದಲ್ಲಿ ಇಲಿಯಾಸ್ ಹೋವ್ 1846ರಲ್ಲಿಯೂ, ಐಸಾಕ್ ಸಿಂಗರ್ ತನ್ನ ಸುಧಾರಣೆಗಳಿಗಾಗಿ 1851ರಲ್ಲಿಯೂ ಪೇಟೆಂಟ್ ಪಡೆದರು. ಆದರೂ ಪಾದರಕ್ಷೆಯ ಅಟ್ಟೆಯನ್ನು ಮೇಲುಭಾಗಕ್ಕೆ ಹೊಲಿಯಲು ಅವು ಸಾಲದೆ ಬೇರೊಂದು ಯಂತ್ರವೇ ಬೇಕಾಯಿತು. 1858ರಲ್ಲಿ ಲೈಮನ್ ಬ್ಲೇಕ್ ಅದಕ್ಕೆ ಪೇಟೆಂಟ್ ಪಡೆದನು. ಕೆಲಸ ಬೇರೆಯಾದರೆ ಯಂತ್ರವೂ ಬೇರೆ ಎಂಬುದು ಅಂದೇ ಸಿದ್ಧವಾಯಿತು.

ಮೊದಲನೆಯದು, ಮನೆಯ ಯಂತ್ರ. ಉಷಾ, ಸಿಂಗರ್ ಮೊದಲಾದ ಹೆಸರಿನ ಕಬ್ಬಿಣದ ಕರಿಯ ಯಂತ್ರಗಳು ಗಟ್ಟಿಮುಟ್ಟಾದವು. ನೇರ ಹೊಲಿಗೆಗೆ ಉತ್ತಮ. ಮೃದುವಾದ ಚರ್ಮವಾದರೆ ಎಲ್ಲ ಪದರಗಳೂ ಸೇರಿ 2ರಿಂದ 3 ಮಿಲಿಮೀಟರ್‌ವರೆಗೆ ಇವುಗಳಲ್ಲಿ ನಿಧಾನವಾಗಿ ಹೊಲಿಯಬಹುದು. ಒತ್ತುಪಾದವು ಸುಮಾರು 6 ಮಿಲಿಮೀಟರ್ ಮೇಲೇಳುತ್ತದೆಯಲ್ಲಾ ಎಂದು ಅಷ್ಟು ದಪ್ಪವನ್ನು ತುರುಕಬಾರದು. ಪಾದವು ಏಳುವ ಎತ್ತರ ಬೇರೆ, ಸೂಜಿಯು ಕ್ಷೇಮವಾಗಿ ಹೊಲಿಯಬಲ್ಲ ದಪ್ಪ ಬೇರೆ.

ಎರಡನೆಯದು, ಪಾದರಕ್ಷೆ ದುರಸ್ತಿಯವರ ಯಂತ್ರ. ಸಿಂಗರ್ 29ಕೆ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ‘ಕೆ’ ಎಂಬ ಅಕ್ಷರವು ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯನ್ನು ಸೂಚಿಸುತ್ತದೆ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಹಳೆಯ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ಇದರ ಉದ್ದವಾದ ಸಣ್ಣ ತೋಳು ಬೂಟಿನ ಒಳಕ್ಕೆ ಹೋಗುತ್ತದೆ. ಪಾದವು ಸುತ್ತಲೂ ತಿರುಗಿ ಯಾವ ದಿಕ್ಕಿಗಾದರೂ ಹೊಲಿಯುತ್ತದೆ. ಹರಿದ ಬೂಟು, ಚೀಲಗಳಿಗೆ ತೇಪೆ ಹಾಕಲು ಇದಕ್ಕೆ ಸಮನಿಲ್ಲ. ಆದರೆ ಇದರ ಬಾಬಿನ್ ಚಿಕ್ಕದು. ದಪ್ಪ ದಾರವನ್ನು ಇದು ಒಪ್ಪದು. ತೇಪೆಗೆ ಹುಟ್ಟಿದ ಯಂತ್ರದಿಂದ ಬೆಲ್ಟುಗಳ ಕಾರ್ಖಾನೆ ನಡೆಸಲಾಗದು.

ಮೂರನೆಯದು, ನಡೆಯುವ ಪಾದದ ಯಂತ್ರ. ಬಟ್ಟೆಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಮಾತ್ರ ವಸ್ತುವನ್ನು ಹಿಂದಕ್ಕೆ ಸರಿಸುತ್ತವೆ. ಮೇಲಿನ ಪಾದವು ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಕೆಳಪದರ ಮುಂದೆ ಹೋಗಿ ಮೇಲ್ಪದರ ಹಿಂದುಳಿಯುತ್ತದೆ. ಮೂರು ಚಲನೆಗಳುಳ್ಳ ಯಂತ್ರದಲ್ಲಾದರೆ ಹಲ್ಲು, ಸೂಜಿ, ಪಾದ ಮೂರೂ ಒಟ್ಟಿಗೆ ಹೆಜ್ಜೆಯಿಟ್ಟು ಪದರಗಳನ್ನು ಸಮನಾಗಿ ಒಯ್ಯುತ್ತವೆ. ಚೀಲ ಮತ್ತು ಬೆಲ್ಟುಗಳ ಕೆಲಸವನ್ನು ನಿಯತವಾಗಿ ಮಾಡುವವರಿಗೆ ಇದೇ ತಕ್ಕುದು. ಮಾದರಿಯನ್ನು ಅನುಸರಿಸಿ ಇವು 6ರಿಂದ 10 ಮಿಲಿಮೀಟರ್‌ವರೆಗೆ ಹೊಲಿಯುತ್ತವೆ.

ನಾಲ್ಕನೆಯದು, ಕುದುರೆಯ ಜೀನು, ಪಟ್ಟೆಗಳನ್ನು ಹೊಲಿಯುವ ಭಾರಿ ಯಂತ್ರ. ಜಪಾನಿನ ಜೂಕಿ ಟಿಎಸ್‌ಸಿ-441 ಈ ವರ್ಗದ್ದು. ಮುಕ್ಕಾಲು ಅಂಗುಲದಷ್ಟು ದಪ್ಪವನ್ನು ಇದು ಹೊಲಿಯಬಲ್ಲದು. ವಿರಾಮ ಕಾಲದ ಹವ್ಯಾಸಕ್ಕೆ ಇದು ಅನಾವಶ್ಯಕ.

ಸೂಜಿಯೂ ದಾರವೂ

ಚರ್ಮಕ್ಕೆ ತುದಿಯಲ್ಲಿ ಸಣ್ಣ ಅಲಗಿರುವ ಬೇರೆ ಸೂಜಿಯೇ ದೊರೆಯುತ್ತದೆ. ಬಟ್ಟೆಗೆ ಮರಳುವಾಗ ಅದನ್ನು ತಪ್ಪದೆ ಬದಲಿಸಬೇಕು; ಇಲ್ಲವಾದರೆ ಅದು ನೂಲುಗಳನ್ನೇ ಕತ್ತರಿಸೀತು. 16ನೆಯ ನಂಬರಿನ ಸೂಜಿಯ ದಪ್ಪ 1 ಮಿಲಿಮೀಟರ್, 18ನೆಯದು 1.1, 22ನೆಯದು 1.4. ದಾರದ ದಪ್ಪವನ್ನು ‘ಟೆಕ್ಸ್’ ಎಂಬ ಮಾನದಿಂದ ಹೇಳುತ್ತಾರೆ: 1000 ಮೀಟರ್ ದಾರದ ತೂಕ ಎಷ್ಟು ಗ್ರಾಮೋ ಅಷ್ಟು ಟೆಕ್ಸ್. 70 ಟೆಕ್ಸ್ ದಾರಕ್ಕೆ 16 ಅಥವಾ 18ನೆಯ ಸೂಜಿ, 135 ಟೆಕ್ಸ್ ದಾರಕ್ಕೆ 22 ಅಥವಾ 23ನೆಯ ಸೂಜಿ ಬೇಕು. ಹತ್ತಿಯ ದಾರವನ್ನು ಬಳಸಬಾರದು. ತೊಗಟೆಯ ಒಗರಿನಿಂದ ಹದಮಾಡಿದ ಚರ್ಮದಲ್ಲಿ ಆ ಒಗರೂ ತೇವವೂ ಸೇರಿ ಹತ್ತಿಯನ್ನು ಕಾಲಕ್ರಮದಲ್ಲಿ ಶಿಥಿಲಗೊಳಿಸುತ್ತವೆ. ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ಬಾಳಿಕೆ ಬರುತ್ತದೆ.

ವೇಗವಲ್ಲ, ಬಲ

ನಿಮಿಷಕ್ಕೆ ಇಷ್ಟು ಸಾವಿರ ಹೊಲಿಗೆ ಎಂದು ವ್ಯಾಪಾರಿಯು ಹೊಗಳಿದರೆ ಮರುಳಾಗಬೇಕಾದುದಿಲ್ಲ. ಚರ್ಮಕ್ಕೆ ಬೇಕಾದುದು ನಿಧಾನವಾದ ಗತಿಯಲ್ಲಿಯೂ ಕುಂದದ ಬಲ. ವಿಜ್ಞಾನದ ಪಾಠದಲ್ಲಿ ಓದಿದ ಗಾಲಿಗಳ ತತ್ವವನ್ನು ಇಲ್ಲಿ ನೆನೆಯಿರಿ. ಮೋಟಾರಿನ ಗಾಲಿಯ ವ್ಯಾಸ 50 ಮಿಲಿಮೀಟರ್, ಯಂತ್ರದ ಗಾಲಿಯ ವ್ಯಾಸ 150 ಮಿಲಿಮೀಟರ್ ಆದರೆ ಯಂತ್ರದ ವೇಗ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟರೆ ತಿರುಗಿಸುವ ಬಲ ಮೂರು ಪಟ್ಟಾಗುತ್ತದೆ. ಹಳೆಯ ಕ್ಲಚ್ ಮೋಟಾರು ಸದಾ ಪೂರ್ಣ ವೇಗದಲ್ಲಿ ತಿರುಗುತ್ತಿರುವುದರಿಂದ ಕಲಿಯುವವನ ಕೈಗೆ ಅದನ್ನು ಹದ್ದಿನಲ್ಲಿಡುವುದು ಕಷ್ಟ. ಸರ್ವೋ ಮೋಟಾರು ಒಂದೊಂದೇ ಹೊಲಿಗೆಯನ್ನೂ ಹಾಕಬಲ್ಲದು. ಕೈಚಕ್ರದಿಂದ ತಿರುಗಿಸುವ ಯಂತ್ರವೂ ಆರಂಭಕ್ಕೆ ಕೀಳಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಪೋಷಕರು ಕೊಳ್ಳಲು ಹೋಗುವಾಗ ತಾವು ಹೊಲಿಯಬೇಕಾದ ಚರ್ಮದ ತುಂಡುಗಳನ್ನೂ ದಾರವನ್ನೂ ಸಂಗಡ ಒಯ್ಯಬೇಕು. ವ್ಯಾಪಾರಿಯು ತೋರಿಸುವ ಮೃದುವಾದ ತುಂಡಿನ ಮೇಲಿನ ಹೊಲಿಗೆ ಪ್ರಮಾಣವಲ್ಲ. ಮೊದಲು ಚಕ್ರವನ್ನು ಕೈಯಿಂದ ತಿರುಗಿಸಿ, ಸೂಜಿಯು ಬಾಗದೆ ನೇರವಾಗಿ ಇಳಿದು ಏಳುವುದೋ ನೋಡಬೇಕು. ಎರಡು ಪದರದಿಂದ ನಾಲ್ಕು ಪದರಕ್ಕೆ ಏರುವ ಸ್ಥಳದಲ್ಲಿ ಹೊಲಿಗೆ ಚಿಕ್ಕದಾಗುವುದೋ ತಪ್ಪುವುದೋ ಗಮನಿಸಬೇಕು. ಚರ್ಮವನ್ನು ತಿರುವಿ ಹಲ್ಲಿನ ಗಾಯ ಎಷ್ಟಾಗಿದೆ, ದಾರದ ಗಂಟು ಹೊರಗೆ ಕಾಣುವುದೇ ಎಂದು ಪರಿಶೀಲಿಸಬೇಕು. ಸೂಜಿ, ಬಾಬಿನ್, ಬಿಡಿಭಾಗಗಳು ಜಹೀರಾಬಾದಿನಲ್ಲೋ ಬೀದರಿನಲ್ಲೋ ಹೈದರಾಬಾದಿನಲ್ಲೋ ದೊರೆಯುವುವೇ, ದುರಸ್ತಿ ಮಾಡಬಲ್ಲವರು ಯಾರು ಎಂದು ವಿಚಾರಿಸಿದ ಬಳಿಕವೇ ಹಣ ಕೊಡಬೇಕು. ಬಿಡಿಭಾಗ ಸಿಗದ ಯಂತ್ರವು ಎಷ್ಟು ಅಗ್ಗವಾದರೂ ತುಟ್ಟಿಯೇ.

ಮೊದಲು ಕೈ, ಆಮೇಲೆ ಯಂತ್ರ

ವರ್ಷಕ್ಕೆ ನಾಲ್ಕೈದು ವಸ್ತುಗಳನ್ನು ಮಾತ್ರ ಹೊಲಿಯುವವನಿಗೆ ಯಂತ್ರವೇ ಬೇಡ. ಎರಡು ಸೂಜಿ, ಹಿಡಿ ಹಾಕಿದ ಚುಚ್ಚುಮೊಳೆ, ಮೇಣ ತಿಕ್ಕಿದ ದಾರ, ಇಷ್ಟೇ ಸಾಕು. ಹೊಲಿಗೆಯ ಉದ್ದದ ಸುಮಾರು ನಾಲ್ಕರಷ್ಟು ದಾರವನ್ನು ತೆಗೆದುಕೊಂಡು, ಅದರ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿಯೊಂದು ತೂತಿನಲ್ಲಿಯೂ ಎರಡು ಕಡೆಯಿಂದ ಹಾಯಿಸಬೇಕು. ಯಂತ್ರದ ಹೊಲಿಗೆಯಲ್ಲಿ ಒಂದು ದಾರ ಕಡಿದರೆ ಸಾಲು ಬಿಚ್ಚತೊಡಗುವ ಭಯವುಂಟು. ಇಲ್ಲಿ ಒಂದು ಎಳೆ ಕಡಿದರೂ ಮತ್ತೊಂದು ಹಿಡಿದಿರುತ್ತದೆ.

ಕೈಯ ಈ ಸಾಮರ್ಥ್ಯಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷಿಯುಂಟು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಕೊಲ್ಹಾಪುರಿ ಚಪ್ಪಲಿಯ ದಪ್ಪ ಅಟ್ಟೆಗಳನ್ನು ಮೊಳೆಯಿಲ್ಲದೆ, ಚರ್ಮದ ದಾರದಿಂದ ಕೈಯಲ್ಲಿಯೇ ಹೊಲಿಯುತ್ತಾರೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಈ ಚಪ್ಪಲಿಯ ಭೌಗೋಳಿಕ ಗುರುತು 2018-19ನೆಯ ಸಾಲಿನಲ್ಲಿ ದೊರೆಯಿತು. ನಮಗೆ ಇನ್ನೂ ಹತ್ತಿರದ ಹೆಸರೊಂದುಂಟು. ಜಹೀರಾಬಾದ್, ನಾರಾಯಣಖೇಡಗಳು 1956ರ ನವೆಂಬರಿನವರೆಗೆ ಬೀದರ್ ಜಿಲ್ಲೆಗೇ ಸೇರಿದ್ದುವು. ಆ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಸಮಗಾರ ಕಾಯಕದ ಹರಳಯ್ಯನು ಬಸವಣ್ಣನವರೊಡನೆ ಶರಣರ ಪಂಕ್ತಿಯಲ್ಲಿ ಕುಳಿತನು. ಚರ್ಮದ ಕೆಲಸವನ್ನು ಹೀನವೆಂದು ನಮ್ಮ ಮಕ್ಕಳು ಯಾರೂ ತಿಳಿಯಬಾರದು. ಊರಿನ ಸಮಗಾರ ಅಣ್ಣನ ಬಳಿ ವಿನಯದಿಂದ ಕುಳಿತು ಒಂದು ತಿಂಗಳು ಕೈಹೊಲಿಗೆ ಕಲಿತವನು, ಯಾವ ಯಂತ್ರ ತನಗೆ ಬೇಕು, ಅಥವಾ ಬೇಡ, ಎಂಬುದನ್ನು ತಾನೇ ನಿರ್ಧರಿಸಬಲ್ಲವನಾಗುತ್ತಾನೆ. ತಾಯಿಯ ಯಂತ್ರವು ಬಟ್ಟೆಗೇ ಉಳಿಯಲಿ. ಮನೆಯ ಹಣವು ತಕ್ಕ ಕಾಲಕ್ಕೆ ತಕ್ಕ ಯಂತ್ರಕ್ಕೆ ವಿನಿಯೋಗವಾಗಲಿ.

ಅಭ್ಯಾಸ

1. ಒಂದು ಚೀಲದ ಮೈ 2½ ಮಿಲಿಮೀಟರ್, ಮಡಿಸಿ ಹಚ್ಚುವ ಪಟ್ಟಿಯ ಒಂದು ಪದರ 2 ಮಿಲಿಮೀಟರ್. ಹೊಲಿಗೆಯ ಒಟ್ಟು ದಪ್ಪವೆಷ್ಟು? ಯಾವ ವರ್ಗದ ಯಂತ್ರ ಬೇಕು?
2. ಹೊಲಿಗೆಗಳು ಒತ್ತೊತ್ತಾಗಿದ್ದರೆ ಬಟ್ಟೆ ಗಟ್ಟಿಯಾಗುವುದು, ಚರ್ಮ ಹರಿಯುವುದು. ಕಾರಣವನ್ನು ವಿವರಿಸಿರಿ.
3. ಮೋಟಾರಿನ ಗಾಲಿ 60 ಮಿಲಿಮೀಟರ್, ಯಂತ್ರದ ಗಾಲಿ 120 ಮಿಲಿಮೀಟರ್ ಇದ್ದರೆ ವೇಗವೂ ಬಲವೂ ಹೇಗೆ ಬದಲಾಗುವುವು?
4. ನಿಮ್ಮ ಮನೆಯ ಹಳೆಯ ಬೆಲ್ಟು ಅಥವಾ ಚಪ್ಪಲಿಯ ಹೊಲಿಗೆಯನ್ನು ಪರೀಕ್ಷಿಸಿ, ಅದು ಕೈಹೊಲಿಗೆಯೋ ಯಂತ್ರದ ಹೊಲಿಗೆಯೋ ಎಂದು ಕಾರಣಸಹಿತ ಬರೆಯಿರಿ.