ಗೋಣಿಚೀಲದಲ್ಲೊಂದು ಹಬ್

ಬೇರಿಂಗ್ ಮತ್ತು ಸೀಲ್ ಸೇರಿ ಬೆಲೆ 34 ಡಾಲರ್. ಅದರ ದೆಸೆಯಿಂದ ನನ್ನ ಜೇಬಿನಿಂದ ಹೋದದ್ದು 1,265 ಡಾಲರ್. ಈ ಸಲದ ಅಂಕಣ ಆ ಎರಡು ಅಂಕಿಗಳ ನಡುವಿನ ಕಥೆ.

ಡೆನ್ವರ್‌ನಲ್ಲಿರುವ ನಾವು 2021ರಲ್ಲಿ ಹಳೆಯ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡೆವು. 2014ರ ಮಾಡೆಲ್, 22 ಅಡಿ ಉದ್ದ, ಎರಡು ಆಕ್ಸಲ್. ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೊರಟರೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಬೆನ್ನಿಗೇ ಬರುತ್ತವೆ. ಊರಿಗೆ ಫೋಟೊ ಕಳಿಸಿದಾಗ ಅಮ್ಮ, "ಸರ್ಕಸ್ಸಿನವರ ಗಾಡಿ ಇದ್ದ ಹಾಗಿದೆಯಲ್ಲೋ" ಅಂದಿದ್ದಳು. ಕೋವಿಡ್ ಕಾಲದಲ್ಲಿ ಅಮೆರಿಕದವರಿಗೆಲ್ಲ ಒಟ್ಟಿಗೇ ಈ ಹುಚ್ಚು ಹಿಡಿದಿತ್ತು. ಆ ಒಂದೇ ವರ್ಷ ಕಾರ್ಖಾನೆಗಳಿಂದ ಹೊರಬಿದ್ದ ಆರ್‌ವಿಗಳ, ಅಂದರೆ ಇಂಥ ಮನೆಗಾಡಿಗಳ, ಸಂಖ್ಯೆ 6 ಲಕ್ಷ ದಾಟಿತು. ಹಳೆಯದಕ್ಕೂ ಹೊಸದರ ಬೆಲೆ. ಅಷ್ಟು ಕೊಟ್ಟ ಮೇಲೆ ಬಿಡಿಭಾಗಕ್ಕೆಂದು ಮತ್ತೆ ದುಡ್ಡು ಬಿಚ್ಚಲು ಮನಸ್ಸು ಬರಲಿಲ್ಲ.

ಮರುವರ್ಷದ ಜುಲೈ, ಒಂದು ಭಾನುವಾರ. ಯೂಟಾದ ಗ್ರೀನ್ ರಿವರ್ ದಾಟಿ ಐ-70ರಲ್ಲಿ ಪಶ್ಚಿಮಕ್ಕೆ ಹೊರಟಿದ್ದೆವು. ಅಲ್ಲಿಂದ ಸಲೈನಾವರೆಗೆ ಸುಮಾರು 110 ಮೈಲಿ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಊರೂ ಇಲ್ಲ. ಸಾನ್ ರಫೇಲ್ ಸ್ವೆಲ್‌ನ ಕೆಂಪು ಬಂಡೆ ನೋಡಲೆಂದು ಗಾಡಿ ನಿಲ್ಲಿಸಿ ಕೆಳಗಿಳಿದರೆ ಮೂಗಿಗೆ ಬಡಿದದ್ದು ಸುಟ್ಟ ಗ್ರೀಸಿನ ವಾಸನೆ. ಬಲಬದಿಯ ಹಿಂದಿನ ಚಕ್ರದ ನಡುವಿನ ಹಬ್ ಹತ್ತಿರ ಕೈ ಒಡ್ಡಲಾಗದಷ್ಟು ಬಿಸಿ.

ತಪ್ಪು ನನ್ನದೇ. ಚಕ್ರದ ಬೇರಿಂಗನ್ನು ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಬೇಕು. ಬಿಚ್ಚುವ ರಗಳೆ ಬೇಡವೆಂದು ನಾನು ಆಕ್ಸಲ್ ತುದಿಯ ನಿಪ್ಪಲ್ಲಿಗೆ ಗ್ರೀಸ್ ಗನ್ ಇಟ್ಟು ಒತ್ತಿದ್ದೆ, ಒತ್ತಿಯೇ ಒತ್ತಿದ್ದೆ. ಒತ್ತಡಕ್ಕೆ ಒಳಗಿನ ಸೀಲ್ ಹರಿದು, ಗ್ರೀಸೆಲ್ಲ ಬ್ರೇಕಿಗೆ ಇಳಿದು, ಬೇರಿಂಗ್ ಒಣಗಿತ್ತು.

ಲೆಕ್ಕ ಬರೆದಿಟ್ಟಿದ್ದೇನೆ. ಟೋ ಮಾಡಿದವನಿಗೆ 465. ನನ್ನ ರಸ್ತೆ ನೆರವಿನ ಸದಸ್ಯತ್ವ ಪಿಕಪ್ಪಿಗೆ ಮಾತ್ರ, ಟ್ರೇಲರಿಗಲ್ಲ ಎಂಬುದು ಫೋನ್ ಮಾಡಿದ ಮೇಲೆ ತಿಳಿಯಿತು. ಸಾವಿರ ಜನವೂ ಇಲ್ಲದ ಗ್ರೀನ್ ರಿವರ್‌ನಲ್ಲಿ ನನ್ನ ಅಳತೆಯ ಬೇರಿಂಗ್ ಇರಲಿಲ್ಲ. ಸುಮಾರು ನೂರು ಮೈಲಿ ಆಚೆಯ ಗ್ರ್ಯಾಂಡ್ ಜಂಕ್ಷನ್‌ನಿಂದ ಅದು ಬಂದದ್ದು ಮಂಗಳವಾರ. ನಮ್ಮ ಮನೆಯೇ ಜಾಕಿನ ಮೇಲಿದ್ದುದರಿಂದ ಎರಡು ರಾತ್ರಿ ಮೋಟೆಲ್, 248. ಕೂಲಿ 380. ಗ್ರೀಸ್ ಕುಡಿದ ಬ್ರೇಕ್ ಬದಲಿಸಲು 62. ಮುಂದಿನ ಬಿಡಾರಕ್ಕೆ ಮೊದಲೇ ಕಟ್ಟಿ ಕಳೆದುಕೊಂಡದ್ದು 76. ಕೊನೆಯಲ್ಲಿ, ಬೇರಿಂಗಿನ 34.

ಆ ಎರಡು ದಿನ ನನಗೆ ಸೋದರಮಾವ ನೆನಪಾಗುತ್ತಲೇ ಇದ್ದ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದವನು. ಸೀಟಿನ ಕೆಳಗೆ ಒಂದು ಗೋಣಿಚೀಲ: ಫ್ಯಾನ್ ಬೆಲ್ಟ್, ಒಂದು ಕಮಾನು ಪಟ್ಟಿ, ಟ್ಯೂಬು, ತಂತಿ, ಬಲ್ಬು. ಚೀಲದಲ್ಲಿ ಹೊಸ ಸಾಮಾನು ಒಂದೂ ಇರುತ್ತಿರಲಿಲ್ಲ. ಹೊಸ ಬೆಲ್ಟ್ ತಂದರೆ ಅದು ಇಂಜಿನ್ನಿಗೆ, ಇನ್ನೂ ಜೀವವಿದ್ದ ಹಳೆಯದು ಚೀಲಕ್ಕೆ. "ಚೀಲದಲ್ಲಿರೋದು ಈ ಗಾಡಿಗೆ ಕೂರುತ್ತೆ ಅಂತ ಗೊತ್ತಿರಬೇಕಲ್ಲ" ಅನ್ನುತ್ತಿದ್ದ. ನಾನು ಅದನ್ನು ಜಿಪುಣತನ ಅಂದುಕೊಂಡಿದ್ದೆ.

ಮಾವನ ಮಾತು ನೆನಪಾದರೂ ಬುದ್ಧಿ ತಕ್ಷಣ ಬರಲಿಲ್ಲ. ಬಿಸಿ ಹಾಲು ಕುಡಿದ ಬೆಕ್ಕಿನಂತೆ ಮನೆಗೆ ಮರಳಿದವನು ಒಂದೇ ವಾರದಲ್ಲಿ 870 ಡಾಲರಿನ ಸಾಮಾನು ತರಿಸಿದೆ. ವಾಟರ್ ಹೀಟರಿನ ಸರ್ಕ್ಯೂಟ್ ಬೋರ್ಡ್, ಎರಡು ಕಮಾನು ಪಟ್ಟಿ, ಎರಡನೇ ಸ್ಟೆಪ್ನಿ, ಚಾವಣಿಯ ಬಿರುಕಿಗೆ ಬಳಿಯುವ ಸೀಲಂಟ್ ಮೂರು ಟ್ಯೂಬ್, ಜೊತೆಗೆ ಇವನ್ನೆಲ್ಲ ಬಿಚ್ಚಿ ಹಾಕಲು ಬೇಕಾದ ಸಲಕರಣೆ. ಎಲ್ಲವನ್ನೂ ಟ್ರೇಲರಿನ ಹಿಂಬದಿಯ ಗೂಡಿಗೆ ತುರುಕಿದೆ. ಹೆದ್ದಾರಿಯಲ್ಲಿ 60 ಮೈಲಿ ವೇಗ ಮುಟ್ಟುತ್ತಲೇ ಟ್ರೇಲರ್ ಬಾಲ ಅಲ್ಲಾಡಿಸತೊಡಗಿತು.

ಟ್ರಕ್ ಸ್ಟಾಪಿನ ವೇಬ್ರಿಡ್ಜಿನಲ್ಲಿ ತೂಗಿಸಿದಾಗ ಕಾರಣ ತಿಳಿಯಿತು. ಟ್ರೇಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ ಕೂರಬೇಕು. ನನ್ನ 210 ಪೌಂಡಿನ ಸಂಗ್ರಹ ಹಿಂದೆ ಕೂತು ಮುಂದಿನ ಭಾರವನ್ನು ಎತ್ತಿಬಿಟ್ಟಿತ್ತು. ಬಾಗಿಲ ಬಳಿಯ ಹಳದಿ ಚೀಟಿಯ ಪ್ರಕಾರ ನಾವು ಹೊರಬಹುದಾದ ಸಾಮಾನು ಒಟ್ಟು 1,080 ಪೌಂಡ್. ಅದರಲ್ಲಿ 40 ಗ್ಯಾಲನ್ ನೀರಿಗೇ 330 ಪೌಂಡ್ ಹೋಗುತ್ತದೆ. ಪಾತ್ರೆ, ಬಟ್ಟೆ, ಅಕ್ಕಿ, ಕುಕ್ಕರ್ ಎಲ್ಲ ಉಳಿದುದರಲ್ಲಿ ಸೇರಬೇಕು. ಬಿಡಿಭಾಗಕ್ಕೆ ಅಂಗಡಿಯಲ್ಲಿ ಒಮ್ಮೆ ಬೆಲೆ ಕೊಡುತ್ತೇವೆ, ಆಮೇಲೆ ಪ್ರತಿ ಮೈಲಿಗೂ ಕೊಡುತ್ತಲೇ ಇರುತ್ತೇವೆ.

ಅಂದು ಸಂಜೆ ಅಂಗಳದಲ್ಲಿ ಎಲ್ಲ ಹರವಿಕೊಂಡು ಕೂತೆ. ಒಂದೊಂದನ್ನೂ ಕೈಗೆತ್ತಿಕೊಂಡು, ಇದು ಕೆಟ್ಟರೆ ಪ್ರಯಾಣ ನಿಲ್ಲುತ್ತದೆಯೇ ಎಂದು ಮೊದಲು ಕೇಳಿಕೊಂಡೆ. ನಿಲ್ಲದಿದ್ದರೆ ಅದು ಮನೆಯಲ್ಲೇ ಇರಲಿ. ಹೀಟರ್ ಕೆಟ್ಟರೆ ಒಲೆಯ ಮೇಲೆ ನೀರು ಕಾಯಿಸಬಹುದು. ಬೋರ್ಡ್ ವಾಪಸ್ ಹೋಯಿತು. ರಸ್ತೆ ಬದಿಯ ದೂಳಿನಲ್ಲಿ ನಾನೇ ಹಾಕಬಲ್ಲೆನೇ ಎಂಬುದು ಎರಡನೆಯ ಪ್ರಶ್ನೆ, ಇಲ್ಲಿ ನನಗೊಂದು ಹೊಸ ಪಾಠವಾಯಿತು. ನನ್ನದರಂಥ 3,500 ಪೌಂಡಿನ ಆಕ್ಸಲ್‌ಗಳಿಗೆ ಸಾಮಾನ್ಯವಾಗಿ ಕೂರುವ ಬೇರಿಂಗ್ ಎಲ್44649 ಮತ್ತು ಎಲ್68149. ಅಗ್ಗ, ಅಂಗೈಯಲ್ಲಿ ಹಿಡಿಸುತ್ತವೆ. ಆದರೆ ಹೊರಗಿನ ಉಂಗುರವನ್ನು ಹಬ್ಬಿನಿಂದ ಹೊಡೆದು ತೆಗೆದು ಹೊಸದನ್ನು ನೇರವಾಗಿ ಕೂರಿಸುವುದು ಹೆದ್ದಾರಿಯ ಅಂಚಿನಲ್ಲಿ ಮಾಡುವ ಕೆಲಸವಲ್ಲ. ಹಾಗಾಗಿ ಬೇರಿಂಗ್, ಗ್ರೀಸ್, ಸೀಲ್ ಎಲ್ಲ ಮೊದಲೇ ಕೂರಿಸಿದ ಇಡೀ ಹಬ್ ಒಂದನ್ನು 95 ಡಾಲರಿಗೆ ಸಿದ್ಧಮಾಡಿ ಇಟ್ಟುಕೊಂಡೆ. ಹಳೆಯದನ್ನು ಎಳೆದು ಇದನ್ನು ಏರಿಸಿ, ನಟ್ ಬಿಗಿದು ಸಡಿಲಿಸಿ, ಹೊಸ ಕಾಟರ್ ಪಿನ್ ಹಾಕಿದರೆ ಮುಗಿಯಿತು. ತೂಕ ಹತ್ತು ಕೆಜಿ ಆಸುಪಾಸು. ಈಗ ಅದು ಆಕ್ಸಲ್‌ಗಿಂತ ಮುಂದೆ, ಮಂಚದ ಕೆಳಗೆ, ಗೋಣಿಚೀಲದಲ್ಲಿದೆ. ಈ ದೇಶದಲ್ಲಿ ಗೋಣಿಚೀಲ ಹುಡುಕುವುದೇ ಹಬ್ ಹುಡುಕುವುದಕ್ಕಿಂತ ಕಷ್ಟವಾಯಿತು ಅನ್ನಿ.

ನಾನು ಹಾಕಲಾರದ ಒಂದು ಸಾಮಾನನ್ನೂ ಹೊರುತ್ತೇನೆ: ಎಸಿಯ ಕೆಪಾಸಿಟರ್, 22 ಡಾಲರ್. ಕರೆಂಟ್ ತೆಗೆದ ಮೇಲೂ ಅದರಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ, ನಾನು ಕೈ ಹಾಕುವುದಿಲ್ಲ. ಹೋದ ಬೇಸಿಗೆ ಮೋಆಬ್‌ನಲ್ಲಿ ಎಸಿ ಗುಂಯ್ಗುಟ್ಟಿ ನಿಂತಾಗ ಬಿಡಾರಕ್ಕೇ ಬಂದ ಮೆಕ್ಯಾನಿಕ್, ಭಾಗ ತರಿಸಲು ಮೂರು ದಿನ ಬೇಕು ಅಂದ. ಪೆಟ್ಟಿಗೆ ತೆರೆದು ಕೊಟ್ಟೆ. ಭೇಟಿ ಶುಲ್ಕ ಮತ್ತು ಒಂದು ಗಂಟೆಯ ಕೂಲಿಗೆ ಮುಗಿಯಿತು.

ಉಳಿದವು ಚಿಲ್ಲರೆ ಸಾಮಾನು. 15, 20, 30 ಆಂಪಿಯರಿನ ಫ್ಯೂಸ್‌ಗಳು, ಬ್ಯಾಟರಿಯ ತಂತಿ ಅದಲುಬದಲಾದರೆ ಹಾರಿಹೋಗುವ 40 ಆಂಪಿಯರಿನವು ಎರಡು, ನೀರಿನ ಪೈಪಿನ ಜೋಡಣೆಗಳು, ಒಂದು ಟೇಪು. ಎಲ್ಲ ಸೇರಿ 40 ಡಾಲರ್ ದಾಟದು. ಇವಕ್ಕಿಂತ ಬೆಲೆಬಾಳುವುದು ಒಂದು ನೋಟ್‌ಬುಕ್: ಆಕ್ಸಲ್, ಪಂಪ್, ಎಸಿ ಎಲ್ಲದರ ಮಾಡೆಲ್ ನಂಬರ್ ಅದರಲ್ಲಿದೆ. ಅಂದು ತರಿಸಿದ್ದ ಸೀಲಂಟಿನ ಮೂರು ಟ್ಯೂಬಿನಲ್ಲಿ ಎರಡು ಒಳಗೇ ಕಲ್ಲಾದವು.

ಸ್ಟೆಪ್ನಿಯ ಮಾತು. ಇಲ್ಲಿನ ಟೈರ್ ಅಂಗಡಿಯಲ್ಲಿ ಆ ಪದ ಹೇಳಿದರೆ ಮುಖ ನೋಡುತ್ತಾರೆ. 1904ರ ಸುಮಾರಿಗೆ ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಬಿಡಿ ಚಕ್ರದ ಹೆಸರು ನಮ್ಮ ಲಾರಿಯವರ ಬಾಯಲ್ಲಿ ಬದುಕಿದೆ, ಇವರಿಗೆ ಗೊತ್ತಿಲ್ಲ. ಅದಿರಲಿ. ಟ್ರೇಲರಿನ ಟೈರ್ ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತದೆ. ಐದಾರು ವರ್ಷಕ್ಕೆ ಬದಲಿಸಬೇಕು. ಟೈರಿನ ಬದಿಯಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ. ನನ್ನ ಹಿಂಬದಿಯಲ್ಲಿ ಮಿರುಗುತ್ತ ನೇತಾಡುತ್ತಿದ್ದ ಸ್ಟೆಪ್ನಿಯ ಮೇಲೆ 2214 ಎಂದಿತ್ತು. ಒಂದು ದಿನವೂ ಓಡದೆ ಬಿಸಿಲಿನಲ್ಲೇ ಎಂಟು ವರ್ಷ ಕಳೆದಿತ್ತು. ಆಗ ಕೊಂಡಿದ್ದ ಎರಡನೇ ಸ್ಟೆಪ್ನಿಗೆ ಕೆಲಸ ಸಿಕ್ಕಿತು.

ದೊಡ್ಡವು, ಅಂದರೆ ಫ್ರಿಜ್, ಇಡೀ ಎಸಿ, ಆಕ್ಸಲ್, ಇವಕ್ಕೆ ಬಿಡಿಭಾಗ ಹೊರುವುದಿಲ್ಲ, ದುಡ್ಡು ಹೊರುತ್ತೇನೆ. ತಿಂಗಳಿಗೆ 60 ಡಾಲರ್ ಬೇರೆ ಖಾತೆಗೆ ಹೋಗುತ್ತದೆ. ರಸ್ತೆ ನೆರವನ್ನೂ ಟ್ರೇಲರ್ ಒಳಗೊಂಡ ದರ್ಜೆಗೆ ಏರಿಸಿದ್ದೇನೆ.

ಹಬ್ ಇದುವರೆಗೆ ಒಮ್ಮೆಯೂ ಚೀಲದಿಂದ ಹೊರಬಂದಿಲ್ಲ. "ಸುಮ್ಮನೆ ಹತ್ತು ಕೆಜಿ" ಅನ್ನುತ್ತಾಳೆ ಹೆಂಡತಿ, ಅಷ್ಟು ಜಾಗದಲ್ಲಿ ಒಂದು ಮೂಟೆ ಸೋನಾ ಮಸೂರಿ ಹಿಡಿಸುತ್ತದಂತೆ. ಈ ಮೇ ತಿಂಗಳು ಬೇರಿಂಗ್ ಬಿಚ್ಚುವಾಗ ಅದನ್ನೇ ಚಕ್ರಕ್ಕೆ ಏರಿಸಿ, ಅಲ್ಲಿರುವುದನ್ನು ತೊಳೆದು ಗ್ರೀಸ್ ತುಂಬಿ ಗೋಣಿಚೀಲಕ್ಕೆ ಹಾಕುತ್ತೇನೆ.