ಹೆಸರಿನ ಮುಂದಿನ ಊರು

ಮಾರ್ಕೋನಹಳ್ಳಿ ನನ್ನ ಊರು. ಶಿಂಷಾ ನದಿಗೆ ಕಟ್ಟಿರುವ ನಮ್ಮ ಜಲಾಶಯದಲ್ಲಿ ನೀರು ಮಿತಿಮೀರಿದರೆ, ಸೈಫನ್‌ಗಳು ಯಾರ ಕೈಯೂ ಸೋಕದೆ ಅದನ್ನು ಹೊರಗೆ ಬಿಡುತ್ತವೆ. ಹಾಗೆಯೇ ತಾನಾಗಿ ನಡೆಯುವ ಒಂದು ಪ್ರೋಗ್ರಾಂ ಬರೆದು, ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಿಂದ ನಮ್ಮ ಜಿಲ್ಲೆಯ ಲೇಖನಗಳನ್ನು ತರಿಸಬೇಕೆಂದು ನಾನು ಹೊರಟೆ. ಆಗ ಕಲಿತ ಪಾಠವನ್ನು ವಿದ್ಯಾರ್ಥಿಮಿತ್ರರ ಮುಂದಿಡುತ್ತೇನೆ.

ವಿಕಿಪೀಡಿಯವು ತನ್ನ ಪುಟಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ರಫ್ತು ಮಾಡಿಕೊಡುತ್ತದೆ. ೧೯೯೮ರಲ್ಲಿ ಅಂಗೀಕೃತವಾದ ಈ ಕ್ರಮದಲ್ಲಿ ಪ್ರತಿಯೊಂದು ಭಾಗಕ್ಕೂ ಹೆಸರುಳ್ಳ ಟ್ಯಾಗ್ ಇರುತ್ತದೆ. ಡಬ್ಬದೊಳಗೆ ಡಬ್ಬವಿಟ್ಟಂತೆ ಭಾಗದೊಳಗೆ ಭಾಗ. ‘ಪೇಜ್’ ಎಂಬುದರೊಳಗೆ ‘ಟೈಟಲ್’ ಮತ್ತು ‘ರಿವಿಷನ್’, ಆ ‘ರಿವಿಷನ್’ ಒಳಗೆ ‘ಟೆಕ್ಸ್ಟ್’, ಅಂದರೆ ಲೇಖನ.

ಮೊದಲ ತೊಡಕು ವಿಳಾಸದಲ್ಲಿಯೇ ಬಂದಿತು. ಪೈಥಾನ್ ಭಾಷೆಯ ‘ಯುಆರ್‌ಎಲ್‌ಓಪನ್’ ಕನ್ನಡ ಅಕ್ಷರಗಳಿರುವ ವಿಳಾಸವನ್ನು ಒಪ್ಪದು. ‘ತುಮಕೂರು’ ಎಂಬುದು ಯೂನಿಕೋಡ್‌ನಲ್ಲಿ ೭ ಸಂಕೇತ. ಯುಟಿಎಫ್-೮ರಲ್ಲಿ ಒಂದೊಂದಕ್ಕೆ ೩ರಂತೆ ೨೧ ಬೈಟು. ‘ಕೋಟ್’ ಎಂಬ ಕ್ರಿಯೆಯಿಂದ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯೊಡನೆ ಬರೆಯಿಸಿದ ಮೇಲೆ, ಕೇಳುತ್ತಿರುವವರು ಯಾರೆಂಬುದನ್ನು ‘ಯೂಸರ್ ಏಜೆಂಟ್’ ಸಾಲಿನಲ್ಲಿ ತಿಳಿಸಿದ ಮೇಲೆ, ಪುಟ ಬಂದಿತು.

ಅದನ್ನು ಬಿಡಿಸಲು ‘ಎಲಿಮೆಂಟ್‌ಟ್ರೀ’ಗೆ ಒಪ್ಪಿಸಿ ‘ಪೇಜ್’ ಹುಡುಕೆಂದೆ. ‘ನನ್’ ಎಂದಿತು, ಎಂದರೆ ಇಲ್ಲ. ದೋಷದ ಸೂಚನೆಯೇನೂ ಇರಲಿಲ್ಲ. ನಮ್ಮ ಜಿಲ್ಲೆಯ ಬಗ್ಗೆ ಕನ್ನಡದಲ್ಲಿ ಏನೂ ಇಲ್ಲವೆಂದು ಗೆಳೆಯರಿಗೆ ಹೇಳಿಯೂ ಬಿಟ್ಟೆ! ಆ ರಾತ್ರಿ ತರಿಸಿದ ಪಠ್ಯವನ್ನೇ ತೆರೆದು ನೋಡಿದರೆ ಲೇಖನ ಪೂರ್ಣವಾಗಿ ಅಲ್ಲಿಯೇ ಇದೆ. ನನಗೆ ನಾಚಿಕೆಯಾಯಿತು.

ಕಾರಣವಿಷ್ಟೆ. ಆ ಕಡತದ ಮೊದಲ ಟ್ಯಾಗಿನಲ್ಲಿ ‘ನೇಮ್‌ಸ್ಪೇಸ್’ ಒಂದನ್ನು ಘೋಷಿಸಿರುತ್ತಾರೆ. ಆಗ ಒಳಗಿನ ಎಲ್ಲ ಹೆಸರುಗಳೂ ಅದಕ್ಕೆ ಸೇರುತ್ತವೆ. ನಮ್ಮ ತರಗತಿಯಲ್ಲಿ ಒಂದೇ ಹೆಸರಿನವರು ಮೂವರಿದ್ದೇವೆ. ಹಾಜರಿ ಕರೆಯುವಾಗ ಅಧ್ಯಾಪಕರು ಊರಿನ ಮೊದಲಕ್ಷರ ಸೇರಿಸಿ ಕೂಗದಿದ್ದರೆ ಯಾರೂ ಓಗೊಡುವುದಿಲ್ಲ. ಟ್ಯಾಗುಗಳೂ ಹಾಗೆಯೇ. ಪುಷ್ಪಾವರಣದೊಳಗೆ ನೇಮ್‌ಸ್ಪೇಸ್ ಬರೆದು ಅದರ ಮುಂದೆ ‘ಪೇಜ್’ ಎಂದು ಕೂಗಿದೊಡನೆ ಉತ್ತರ ಬಂದಿತು. ಪೈಥಾನ್ ೩.೮ರಿಂದೀಚೆಗೆ ಆವರಣದಲ್ಲಿ ನಕ್ಷತ್ರಚಿಹ್ನೆ ಇಟ್ಟರೂ ಸಾಕು. ಯಾವ ಊರಾದರೂ ಸರಿ ಎಂದು ಅದರ ಅರ್ಥ.

ಯಂತ್ರವು ‘ಇಲ್ಲ’ ಎಂದಾಗ ಅದು ವಸ್ತುವಿನ ಅಭಾವವೋ, ನಾವು ಕೇಳಿದ ರೀತಿಯ ತಪ್ಪೋ ಎಂದು ವಿಚಾರಿಸಬೇಕು. ಬಂದ ಪಠ್ಯವನ್ನು ಒಮ್ಮೆ ಕಣ್ಣಾರೆ ಓದಿದ್ದರೆ ನಾನು ಆ ಸುಳ್ಳನ್ನು ಹೇಳುತ್ತಿರಲಿಲ್ಲ.