ಸೀಸದ ಸಿಪಾಯಿಗಳ ಮೇಳ



ಇಂದಿನ ಚಿಂತನೆ ಆಟದ ಸಿಪಾಯಿಗಳ ಬಗ್ಗೆ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿತು. ಸೀಸ ಕಡಿಮೆ ಸಾಕಾಯಿತು, ಬೆಲೆ ಇಳಿಯಿತು. (ಆ ಪೆಟ್ಟಿಗೆಗಳಲ್ಲಿ ಮದ್ರಾಸಿನ ಪದಾತಿ ದಳವೂ ಇತ್ತು!) ಮುಂದೆ ಪ್ಲಾಸ್ಟಿಕ್ ಬಂತು, ಮಕ್ಕಳ ಕೈಗೆ ಸೀಸ ಕೊಡಬಾರದೆಂಬ ಅರಿವೂ ಬಂತು. 1966ರಲ್ಲಿ ಕಂಪನಿ ಸೀಸದ ಸಿಪಾಯಿಗಳನ್ನು ನಿಲ್ಲಿಸಿತು.

ಚಿಕ್ಕಂದಿನಲ್ಲಿ ಅವುಗಳೊಂದಿಗೆ ಆಡಿದವರು ಸಂಪಾದನೆ ಶುರುವಾದ ಮೇಲೆ ಹುಡುಕಿಕೊಂಡು ಹೊರಟರು. ಲಂಡನ್ನಿನಲ್ಲಿ, ಅಮೆರಿಕದ ಶಿಕಾಗೊ ಬಳಿ ಸಂಗ್ರಹಕಾರರ ಮೇಳಗಳು ನಡೆಯತೊಡಗಿದವು. ಶಿಕಾಗೊ ಮೇಳದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಮೇಳಕ್ಕೆ ಮೊದಲೇ ಬಂದು ಹೋಟೆಲಿನಲ್ಲಿ ಇಳಿದವರು ಕೋಣೆಯ ಬಾಗಿಲು ತೆರೆದಿಟ್ಟು, ಮಂಚದ ಮೇಲೆಯೇ ಸಿಪಾಯಿಗಳನ್ನು ಹರಡಿಕೊಂಡು ವ್ಯಾಪಾರಕ್ಕೆ ಕೂರುತ್ತಾರೆ. ಜನ ಕೋಣೆಯಿಂದ ಕೋಣೆಗೆ ಅಲೆಯುತ್ತಾರೆ.

1995ರಲ್ಲಿ ಇಬೇ ಶುರುವಾಯಿತು. ವರ್ಷವಿಡೀ ಕಾದು ಮೇಳದಲ್ಲಿ ಹುಡುಕಬೇಕಾಗಿದ್ದದ್ದು ಕೂತಲ್ಲೇ ಸಿಗತೊಡಗಿತು. 2020ರಲ್ಲಿ ಕೊರೊನಾ ಮೇಳಗಳ ಬಾಗಿಲನ್ನೇ ಮುಚ್ಚಿಸಿತು. ನನ್ನ ಪ್ರಕಾರ ಇವೆರಡಕ್ಕಿಂತ ದೊಡ್ಡದು ವಯಸ್ಸು. ಅಂಗಡಿಯಿಂದ ಹೊಸ ಸೀಸದ ಸಿಪಾಯಿ ತಂದು ಆಡಿದ ಕೊನೆಯ ಮಕ್ಕಳಿಗೂ ಈಗ ಅರವತ್ತು ದಾಟಿದೆ. ಅವರ ಕಪಾಟುಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ.

ಅನಿಚ್ಚ ಎಂದರೆ ವಸ್ತು ಸವೆಯುವುದು ಎಂದೇ ನಾವು ಸಾಮಾನ್ಯವಾಗಿ ವಿವರಿಸುತ್ತೇವೆ. ಇಲ್ಲಿ ಸಿಪಾಯಿಯ ಕೆಂಪು ಕೋಟಿನ ಬಣ್ಣವೂ ಮಾಸಿರುವುದಿಲ್ಲ. ಬೆಲೆ ಇದ್ದದ್ದು ಆಡಿದವನ ನೆನಪಿನಲ್ಲಿ. ಪೆಟ್ಟಿಗೆ ಮಗನಿಗೆ ಬಂತು, ನೆನಪು ಬರಲಿಲ್ಲ.

ಶಿಕಾಗೊ ಮೇಳ ಮಾತ್ರ ಕೊರೊನಾ ಕಳೆದ ಮೇಲೆ ಮತ್ತೆ ಸೇರಿತು. ಇಬೇಯಲ್ಲಿ ಸಿಪಾಯಿ ಸಿಗುತ್ತಾನೆ, ಆ ತೆರೆದ ಬಾಗಿಲು ಸಿಗುವುದಿಲ್ಲವಲ್ಲ.